ತೆರೆಯುವಾಗ ಕೇಳಲಿಲ್ಲ, ಮುಚ್ಚುವಾಗಲಾದರೂ ಕೇಳಿ

ಹುನಗುಂದ, ಇಳಕಲ್ಲ, ಬಾದಾಮಿಯ ಹಳೆಯ ಪದವಿ ಕಾಲೇಜುಗಳು ಹದಿನೈದು ವರ್ಷದೊಳಗೆ ಮೂರು ವಿಶ್ವವಿದ್ಯಾಲಯಗಳನ್ನು ಕಂಡಿವೆ. ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿತ್ತು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ಆಮೇಲೆ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಹುಟ್ಟಿತು. ಪ್ರತಿ ಸಲವೂ ಮುದ್ರೆ ಬದಲಾಗುತ್ತದೆ, ನಮೂನೆ ಬದಲಾಗುತ್ತದೆ, ಪರೀಕ್ಷೆಯ ಕ್ರಮ ಬದಲಾಗುತ್ತದೆ. ಆ ಬದಲಾವಣೆಯ ಭಾರ ಹೊರುವವರು ಕಚೇರಿಯ ಗುಮಾಸ್ತರು, ಪರೀಕ್ಷಾ ವಿಭಾಗದವರು ಮತ್ತು ಉಪನ್ಯಾಸಕರು. ನಿರ್ಧಾರ ಮಾಡುವ ಮೇಜಿನ ಸುತ್ತ ಮಾತ್ರ ಇವರಿಗೆ ಕುರ್ಚಿ ಇರುವುದಿಲ್ಲ.

ಜಮಖಂಡಿಯನ್ನೇ ನೋಡಿ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದ್ದ ಊರಿಗೆ ಬಸವರಾಜ ಬೊಮ್ಮಾಯಿ ಸರ್ಕಾರ ವಿಶ್ವವಿದ್ಯಾಲಯದ ಫಲಕ ಕೊಟ್ಟಿತು. ರಾಜ್ಯದಲ್ಲಿ ಒಟ್ಟು ಏಳು ಹೊಸ ವಿಶ್ವವಿದ್ಯಾಲಯಗಳು, ಅವಕ್ಕೆ ತಲಾ 2 ಕೋಟಿ ರೂಪಾಯಿ. ಅಷ್ಟರಲ್ಲಿ ವಿಶ್ವವಿದ್ಯಾಲಯ ನಡೆಯುವುದಿಲ್ಲ ಎಂದು ಹೇಳಲು ಅರ್ಥಶಾಸ್ತ್ರಜ್ಞರು ಬೇಕಿರಲಿಲ್ಲ, ಸಂಬಳದ ಬಿಲ್ಲು ಬರೆಯುವ ಗುಮಾಸ್ತರೇ ಹೇಳುತ್ತಿದ್ದರು. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಬಾಗಲಕೋಟೆಯೂ ಸೇರಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ನಿಲುವಿಗೆ ಬಂತು. ಹಣವಿಲ್ಲ, ಜಾಗವಿಲ್ಲ ಎಂಬುದು ಕಾರಣ. ಒಂದು ಸರ್ಕಾರ ಲೆಕ್ಕ ಹಾಕದೆ ತೆರೆಯಿತು. ಇನ್ನೊಂದು ಸರ್ಕಾರ ಬರೀ ಲೆಕ್ಕ ನೋಡಿ ಮುಚ್ಚಲು ಹೊರಟಿತು. ಪಕ್ಷ ಬೇರೆಯಾದರೂ ಇಬ್ಬರ ರೀತಿ ಒಂದೇ.

ಬಾಗಲಕೋಟೆಯ ಜನರಿಗೆ ಮುಳುಗಡೆ ಎಂಬ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದವರ ಸಂಕಟ ಇನ್ನೂ ಮುಗಿದಿಲ್ಲ. ಆದರೂ 1894ರ ಹಳೆಯ ಭೂಸ್ವಾಧೀನ ಕಾಯ್ದೆಯಲ್ಲೇ, ಬ್ರಿಟಿಷರ ಆ ಕಾಯ್ದೆಯಲ್ಲೇ, ಹೊಲ ಕಳೆದುಕೊಳ್ಳುವವರಿಗೆ ನೋಟಿಸು ಕೊಡಬೇಕಿತ್ತು, 30 ದಿನದೊಳಗೆ ತಕರಾರು ಹೇಳಲು ಅವಕಾಶವಿತ್ತು. ಹೊಲಕ್ಕಿದ್ದ ಅಷ್ಟು ಮರ್ಯಾದೆ ಹತ್ತು ಹನ್ನೆರಡು ವರ್ಷ ಪಾಠ ಮಾಡಿದ ಅತಿಥಿ ಉಪನ್ಯಾಸಕರಿಗೆ ಇಲ್ಲ. ಅವರು ತಮ್ಮ ಕೆಲಸದ ಭವಿಷ್ಯವನ್ನು ಬೆಳಗಿನ ಪತ್ರಿಕೆಯಲ್ಲಿ ಓದಿ ತಿಳಿಯುತ್ತಾರೆ.

ನೌಕರರನ್ನು ಕೇಳುತ್ತ ಕೂತರೆ ಸುಧಾರಣೆಯೇ ಆಗುವುದಿಲ್ಲ ಎನ್ನುವವರಿದ್ದಾರೆ. ಕೇಳದೆ ಮಾಡಿದ ಸುಧಾರಣೆಯ ಗತಿ ಏನಾಯಿತು? 2021ರಲ್ಲಿ ದೇಶದಲ್ಲೇ ಮೊದಲಿಗರೆನಿಸಿಕೊಳ್ಳುವ ಅವಸರದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ತಂದರು. 2024ರಲ್ಲಿ ನಾಲ್ಕು ವರ್ಷದ ಪದವಿ ಹೋಗಿ ಮತ್ತೆ ಮೂರು ವರ್ಷವಾಯಿತು. ಬರೆದ ಪಠ್ಯ, ಹಂಚಿದ ಕಾರ್ಯಭಾರ, ಹೊಂದಿಸಿದ ವೇಳಾಪಟ್ಟಿ ಎಲ್ಲವೂ ಮೂರೇ ವರ್ಷಕ್ಕೆ ರದ್ದಿಯಾದವು. ಇಳಕಲ್ಲ ಸೀರೆಗೆ ಸೆರಗಿನ ಹಾಸನ್ನೂ ಒಡಲಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಹೊತ್ತು ಹಿಡಿಯುತ್ತದೆಂದು ಯಾವ ನೇಕಾರನೂ ಕೊಂಡಿ ಹಾಕದೆ ನೇಯಲು ಕೂರುವುದಿಲ್ಲ.

2022ರ ಜನವರಿಯದು ಇನ್ನೂ ನೋವಿನ ಪಾಠ. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ವಾರಗಟ್ಟಲೆ ಮುಷ್ಕರ ಮಾಡಿದ ಮೇಲೆ 11,000, 13,000 ಇದ್ದ ಗೌರವಧನ 26,000ದಿಂದ 32,000ದವರೆಗೆ ಆಯಿತು. ಗೆದ್ದೆವು ಎನ್ನುವಷ್ಟರಲ್ಲಿ ವಾರದ ಬೋಧನೆ 15 ಗಂಟೆಗೆ ಏರಿತ್ತು. ಇಬ್ಬರ ಪಾಲಿನ ತರಗತಿ ಒಬ್ಬರಿಗೆ ಹೋಗಿ, ಜೊತೆಯಲ್ಲೇ ಧರಣಿ ಕೂತಿದ್ದವರು ಪಟ್ಟಿಯಿಂದ ಹೊರಬಿದ್ದರು. ಆದೇಶ ಹೊರಡುವ ಮೊದಲೇ ಕಾಲೇಜುವಾರು ಕಾರ್ಯಭಾರವನ್ನು ಸಂಘಟನೆಗಳ ಮುಂದಿಟ್ಟಿದ್ದರೆ ಯಾರ ಅನ್ನ ಹೋಗುತ್ತದೆಂಬುದು ಅಲ್ಲೇ ಕಾಣುತ್ತಿತ್ತು. 2023ರ ನವೆಂಬರಿನಲ್ಲಿ ಅವರು ಮತ್ತೆ ತರಗತಿ ಬಿಟ್ಟು ಬೀದಿಗೆ ಬಂದಾಗ ಕೇಳಿದ್ದು ಹೆಚ್ಚಿನ ದುಡ್ಡನ್ನಲ್ಲ, ಸೇವಾ ಭದ್ರತೆಯನ್ನು.

ಇಲ್ಲಿ ನಮ್ಮವರ ತಪ್ಪನ್ನೂ ಹೇಳಬೇಕು. ಕಾಯಂ ಅಧ್ಯಾಪಕರ ಸಂಘಗಳು ವೇತನ ಶ್ರೇಣಿ, ಬಡ್ತಿಗಾಗಿ ಎತ್ತಿದ ದನಿಯನ್ನು ಪಕ್ಕದ ಕೋಣೆಯ ಅತಿಥಿ ಉಪನ್ಯಾಸಕರಿಗಾಗಿ ಎತ್ತಲಿಲ್ಲ. ಬೋಧಕೇತರರನ್ನಂತೂ ಇಬ್ಬರೂ ಮರೆತರು. ಹೀಗೆ ಮೂರು ದಿಕ್ಕಿಗೆ ನಿಂತವರನ್ನು ಕಡೆಗಣಿಸುವುದು ಯಾವ ಸರ್ಕಾರಕ್ಕಾದರೂ ಸುಲಭ.

ಕಾನೂನು ನಮ್ಮ ವಿರುದ್ಧವಾಗಿಲ್ಲ. 1976ರ 42ನೇ ತಿದ್ದುಪಡಿ ಸಂವಿಧಾನಕ್ಕೆ 43ಎ ವಿಧಿಯನ್ನು ಸೇರಿಸಿ, ಉದ್ದಿಮೆಗಳ ಆಡಳಿತದಲ್ಲಿ ದುಡಿಯುವವರಿಗೆ ಪಾಲು ಸಿಗಬೇಕೆಂದಿತು. 1978ರಲ್ಲಿ ಬೆಂಗಳೂರು ಜಲಮಂಡಳಿ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಶಿಕ್ಷಣ ಸಂಸ್ಥೆಗಳನ್ನೂ ಉದ್ದಿಮೆಯ ವ್ಯಾಖ್ಯೆಯೊಳಗೆ ತಂದಿತು. ಕರ್ನಾಟಕ ಮಾತ್ರ ಹಿಂದಕ್ಕೆ ನಡೆಯಿತು. 1976ರ ವಿಶ್ವವಿದ್ಯಾಲಯ ಕಾಯ್ದೆಯಲ್ಲಿದ್ದ ಸೆನೆಟ್ 2000ದ ಕಾಯ್ದೆಯಲ್ಲಿ ಇಲ್ಲವಾಯಿತು. ಉಳಿದ ಸಿಂಡಿಕೇಟು ಬಹುಪಾಲು ನಾಮಕರಣಗೊಂಡವರದು. ಸಂಪುಟ ಬದಲಾದರೆ ಅಲ್ಲಿಯ ಮುಖಗಳೂ ಬದಲಾಗುತ್ತವೆ.

ಆದ್ದರಿಂದ ಕಾಯ್ದೆಗೇ ತಿದ್ದುಪಡಿ ಬೇಕು. ಬೋಧಕರು, ಬೋಧಕೇತರರು, ಅತಿಥಿ ಉಪನ್ಯಾಸಕರು ತಾವೇ ಚುನಾಯಿಸಿದ ಪ್ರತಿನಿಧಿಗಳು ಸಿಂಡಿಕೇಟಿನಲ್ಲಿ ಮತದ ಹಕ್ಕಿನೊಂದಿಗೆ ಕೂರಬೇಕು. ಯಾವುದೇ ವಿಶ್ವವಿದ್ಯಾಲಯವನ್ನು ತೆರೆಯುವ, ಒಡೆಯುವ, ವಿಲೀನಗೊಳಿಸುವ ಪ್ರಸ್ತಾವ ಸಂಪುಟಕ್ಕೆ ಹೋಗುವ ಮುನ್ನ ಲಿಖಿತವಾಗಿ ಸಂಘಟನೆಗಳ ಕೈಗೆ ಬರಬೇಕು, ಅವರ ತಕರಾರಿಗೆ ಲಿಖಿತ ಉತ್ತರವೂ ಸಿಗಬೇಕು. ಜಮಖಂಡಿಯ ಬಾಗಿಲು ಹಾಕಿದರೆ ಯಾರು ಬೆಳಗಾವಿಗೆ ಹೋಗಬೇಕು, ಸಂಬಳ ಯಾವ ಖಾತೆಯಿಂದ ಬರುತ್ತದೆ, ಅರ್ಧಕ್ಕೆ ನಿಂತ ಸಂಶೋಧನೆಗೆ ಮಾರ್ಗದರ್ಶಕರು ಯಾರು, ಇಳಕಲ್ಲಿನ ಹುಡುಗಿಯ ಅಂಕಪಟ್ಟಿಯ ಮೇಲೆ ಯಾವ ಮುದ್ರೆ ಬೀಳುತ್ತದೆ? ಆ ಹುಡುಗಿ ನೂರು ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ಬಂದು ಈ ಪ್ರಶ್ನೆ ಕೇಳುವುದು ಸಚಿವರನ್ನಲ್ಲ, ಕಿಟಕಿಯ ಆಚೆ ಕೂತ ಗುಮಾಸ್ತರನ್ನು. ಅವರಿಗೆ ಉತ್ತರ ಮೊದಲೇ ಗೊತ್ತಿರಬೇಕಲ್ಲವೇ?