ಕೆಮ್ಮುವ ಹಂದಿಗೆ ಅಂಗಡಿಯ ಮದ್ದು

ಹಂದಿ ಕೆಮ್ಮತೊಡಗಿದೊಡನೆ ಪೇಟೆಯ ಅಂಗಡಿಯಿಂದ ಆ್ಯಂಟಿಬಯಾಟಿಕ್ ಪುಡಿ ತಂದು ಮೇವಿಗೆ ಬೆರೆಸುವುದು ಸುಲಭೋಪಾಯವಾಗಿ ತೋರುತ್ತದೆ. ಆದರೆ ಪೊಟ್ಟಣದ ಮೇಲಿನ ಪ್ರಮಾಣ ಬಹುಮಟ್ಟಿಗೆ ಆರೋಗ್ಯವಂತ ಪ್ರಾಣಿಯ ಲೆಕ್ಕ. ಸೋಂಕು ತಗುಲಿದ ದೇಹದಲ್ಲಿ ಅದೇ ಔಷಧದ ನಡೆ ಬೇರೆಯಾಗುತ್ತದೆ.

ಜ್ವರ ಬಂದ ಹಂದಿ ಮೇವು ಬಿಡುತ್ತದೆ. ಹೀಗಾಗಿ ಮದ್ದು ಹೆಚ್ಚು ಬೇಕಾದ ಪ್ರಾಣಿಗೆ ಕಡಿಮೆ, ಬೇಡವಾದ ಪ್ರಾಣಿಗೆ ಹೆಚ್ಚು ದೊರೆಯುತ್ತದೆ. ಉರಿಯೂತವಾದ ಶ್ವಾಸಕೋಶದಲ್ಲಿ ರಕ್ತನಾಳಗಳು ಸಡಿಲಗೊಂಡು, ಬಿಳಿ ರಕ್ತಕಣಗಳು ಟುಲಾಥ್ರೋಮೈಸಿನ್‌ನಂತಹ ಔಷಧವನ್ನು ಹೊತ್ತು ತರುತ್ತವೆ. ಆದರೆ ಕೊಳೆತು ರಕ್ತಸಂಚಾರ ನಿಂತ ಭಾಗಕ್ಕೆ ಅದು ಸರಿಯಾಗಿ ತಲುಪದು. ಆ್ಯಕ್ಟಿನೊಬ್ಯಾಸಿಲಸ್ ಸೋಂಕಿತ ಹಂದಿಗಳ ಯಕೃತ್ತಿನಲ್ಲಿ ಔಷಧ ವಿಘಟಿಸುವ ಕಿಣ್ವಗಳು ಕುಗ್ಗುವುದನ್ನು 1990ರ ದಶಕದ ಪ್ರಯೋಗಗಳು ತೋರಿಸಿವೆ. ಆಗ ಕೆಲವು ಔಷಧಗಳು ದೇಹದಲ್ಲಿ ಹೆಚ್ಚು ಕಾಲ ಉಳಿದು, ಮಾಂಸದೊಡನೆ ತಟ್ಟೆಗೂ ಬರಬಹುದು. ಇನ್ನು ಹಂದಿಜ್ವರ ವೈರಾಣುವಿನಿಂದ ಬರುವಂಥದ್ದು. ಅದಕ್ಕೆ ಈ ಔಷಧ ಯಾವುದೂ ನಾಟದು, ಮುಂಚಿತವಾಗಿ ಹಾಕಿಸುವ ಲಸಿಕೆಯೇ ರಕ್ಷೆ.

ಬಾಯಿಯ ಮೂಲಕ ಕೊಟ್ಟ ಟೆಟ್ರಾಸೈಕ್ಲಿನ್‌ನ ಬಹುಪಾಲು ಸಗಣಿ, ಮೂತ್ರಗಳಲ್ಲಿ ಹೊರಬೀಳುತ್ತದೆ. ಅಲ್ಲಿಂದ ತಿಪ್ಪೆಗೆ, ಹೊಲಕ್ಕೆ, ಹಳ್ಳಕ್ಕೆ. ಮಲೆನಾಡಿನಲ್ಲಿ ಹುಟ್ಟುವ ಹೇಮಾವತಿ ಕೃಷ್ಣರಾಜಪೇಟೆ ತಾಲ್ಲೂಕನ್ನು ಹಾಯುತ್ತದೆ. ಕೊಡಗಿನ ಕಾವೇರಿ ಶ್ರೀರಂಗಪಟ್ಟಣವನ್ನು ಬಳಸಿ ಹರಿಯುತ್ತದೆ. ಪಾಂಡವಪುರದ ಗದ್ದೆಗಳಿಗೆ ವಿಶ್ವೇಶ್ವರಯ್ಯ ನಾಲೆಯ ನೀರು. ನಾಗಮಂಗಲದ ಒಣಭೂಮಿ ಕೆರೆ, ಕೊಳವೆಬಾವಿಗಳನ್ನು ನೆಚ್ಚಿದೆ. ಈ ನಾಲ್ಕೂ ತಾಲ್ಲೂಕುಗಳಲ್ಲಿ ಹಂದಿಗಿಂತ ಹಸು, ಕುರಿ, ಕೋಳಿಗಳೇ ಹೆಚ್ಚು. ಅವುಗಳಿಗೂ ಇದೇ ಗುಂಪಿನ ಮದ್ದು ಬಳಕೆಯಾಗುತ್ತದೆ. ಬೆಟ್ಟದ ಮೇಲಿನ ಕೊಟ್ಟಿಗೆಯಲ್ಲಿ ಮದ್ದಿಗೆ ಬಗ್ಗದೆ ಉಳಿದ ರೋಗಾಣುವಿಗೆ ತಾಲ್ಲೂಕಿನ ಗಡಿ ತಿಳಿಯದು. ನಾಳೆ ಕೂಸಿನ ನ್ಯುಮೋನಿಯಕ್ಕೆ ಬೇಕಾಗುವುದೂ ಇಂಥದೇ ಔಷಧಗಳು.

ಮೈ ಬೆಳೆಸಲೆಂದು ಮೇವಿಗೆ ಆ್ಯಂಟಿಬಯಾಟಿಕ್ ಬೆರೆಸುವುದನ್ನು ಐರೋಪ್ಯ ಒಕ್ಕೂಟ 2006ರಲ್ಲಿ ನಿಲ್ಲಿಸಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಬಳಕೆಯನ್ನು ಭಾರತ 2019ರಲ್ಲಿ ನಿಷೇಧಿಸಿತು. ಇವು ಸ್ವಾಗತಾರ್ಹ. ಆದರೆ ಪಶುವೈದ್ಯರು ದೂರವಿರುವ ಊರಿನಲ್ಲಿ ಅಂಗಡಿಯವನೇ ವೈದ್ಯನಾಗುತ್ತಾನೆ. ಆ ತಪ್ಪನ್ನು ರೈತನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ರೋಗ ಗುರುತಿಸುವ ವೈದ್ಯರು, ರೋಗಾಣು ಪರೀಕ್ಷೆಯ ಸೌಲಭ್ಯ ಹಳ್ಳಿಗೆ ಬಾರದೆ ಕಾನೂನು ಕಾಗದದಲ್ಲೇ ಉಳಿಯುತ್ತದೆ. ಗ್ರಾಮಸಭೆಗಳು ಇದನ್ನು ಹಕ್ಕಾಗಿ ಕೇಳಬೇಕು.

ಅಲ್ಲಿಯವರೆಗೆ ಮನೆಯಲ್ಲೇ ಆಗಬಹುದಾದ ಕೆಲಸಗಳುಂಟು. ಗಾಳಿಯಾಡುವ, ಒಣಗಿದ ನೆಲದ ಗೂಡು, ಇಕ್ಕಟ್ಟಿಲ್ಲದ ಜಾಗ, ಕೊಂಡು ತಂದ ಮರಿಗಳನ್ನು ಕೆಲದಿನ ಬೇರೆಯಿಡುವುದು, ಕೆಮ್ಮುವುದನ್ನು ಗುಂಪಿನಿಂದ ಅಗಲಿಸಿ, ವೈದ್ಯರ ಮಾತಿನಂತೆ ಅದೊಂದಕ್ಕೇ ಚಿಕಿತ್ಸೆ, ಮದ್ದಿನ ಅವಧಿ ಮುಗಿಯುವ ಮುನ್ನ ಮಾರದಿರುವುದು, ಗೊಬ್ಬರವನ್ನು ಚೆನ್ನಾಗಿ ಕಳಿಸಿದ ಮೇಲೆಯೇ ಹೊಲಕ್ಕೆ ಹಾಕುವುದು. ಮದ್ದಿನ ಖರ್ಚು ಉಳಿಸುವ ಈ ದಾರಿ ಹೊಳೆಯ ನೀರನ್ನೂ ಉಳಿಸುತ್ತದೆ.