ಹಿನ್ನೆಲೆ ಚೆನ್ನಾಗಿ ಬರಬೇಕಾ? ಹೊಲದಿಂದ ಆಚೆ ಬನ್ನಿ

ಜುಲೈ ಬಂತು ಅಂದ್ರೆ ಗುಂಡ್ಲುಪೇಟೆ ರಸ್ತೆಯಲ್ಲಿ ಕಾರುಗಳು ಸಾಲಾಗಿ ನಿಲ್ಲುತ್ತವೆ. ಊಟಿಗೆ ಹೊರಟವರಿಗೂ ವಯನಾಡಿಗೆ ಹೊರಟವರಿಗೂ ಚೆಂಡುಹೂವಿನ ಫೋಟೋ ಬೇಕು. ಬೇಲಿ ಇಲ್ಲ ಅಂದ್ರೆ ಪಾರ್ಕು ಅಂದುಕೊಂಡು ಸೀದಾ ಹೊಲದ ನಡುವಿಗೇ ನುಗ್ಗುತ್ತಾರೆ. ಕೇಳಿದರೆ, 'ಒಳಗೆ ಹೋಗದೆ ಕ್ಲೋಸಪ್ ಹೇಗೆ ಬರುತ್ತೆ ಸರ್?' ಅಂತಾರೆ.

ನಾನು ಹರವೆ ಕಡೆಯವನು. ಈ ಮಾತು ಬೇಸಾಯದ ಲೆಕ್ಕದಲ್ಲೂ ತಪ್ಪು, ಫೋಟೋಗ್ರಫಿ ಲೆಕ್ಕದಲ್ಲೂ ತಪ್ಪು. ಮೊದಲು ಫೋಟೋಗ್ರಫಿಯನ್ನೇ ತಗೊಳ್ಳೋಣ, ಯಾಕಂದ್ರೆ ನಿಮಗೆ ನಾಟೋದು ಅದೇ.

ಹಿನ್ನೆಲೆ ಕರಗೋದು ದುಬಾರಿ ಲೆನ್ಸಿನಿಂದ ಅಂತ ನಂಬಿದ್ದೀರಿ. ಅದಕ್ಕಿಂತ ಹೆಚ್ಚಾಗಿ ಅದು ಕರಗೋದು ಅಂತರದಿಂದ. ಹೂವಿನ ಹಿಂದೆ ಎಷ್ಟು ಬಯಲಿದೆಯೋ ಹಿನ್ನೆಲೆ ಅಷ್ಟು ನುಣುಪು. ಹೊಲದ ನಡುವೆ ನಿಂತರೆ ಹೂವಿನ ಹಿಂದೆ ಮೊಳದ ದೂರದಲ್ಲೇ ಇನ್ನೊಂದು ಗಿಡ. ಅದು ಪೂರ್ತಿ ಮಸುಕೂ ಆಗಲ್ಲ, ಸರಿಯಾಗಿ ಕಾಣೋದೂ ಇಲ್ಲ. ಅದನ್ನು ಮುಚ್ಚೋಕೆ ಅಪರ್ಚರನ್ನು ಎಫ್/1.8ಕ್ಕೆ ತೆರೀತೀರಿ. ಆಗ ಹೂವೇ ಹಾಳು: ಮುಂದಿನ ಎಸಳು ಶಾರ್ಪ್, ನಡುಭಾಗ ಮಬ್ಬು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 1:1 ಮ್ಯಾಕ್ರೋಗೆ ಹೋದರೆ ಎಫ್/8ರಲ್ಲೂ ಫೋಕಸ್ ನಿಲ್ಲೋದು ಸುಮಾರು 1 ಮಿಲಿಮೀಟರ್ ಆಳಕ್ಕೆ ಮಾತ್ರ. ಇನ್ನು ಮೊಬೈಲಿನ ಪೋರ್ಟ್ರೇಟ್ ಮೋಡ್? ಕೋಡ್ ಬರೆದು ಬದುಕುವವನಾಗಿ ಹೇಳ್ತೀನಿ, ಅದು ಸಾಫ್ಟ್‌ವೇರಿನ ಅಂದಾಜು. ಎಸಳಿನ ಅಂಚು ಬಂದ ಕಡೆ ಆ ಅಂದಾಜು ತಪ್ಪುತ್ತೆ, ಹೂವನ್ನು ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತೆ.

ಹೊಲದ ಮೂಲೆಯಲ್ಲಿ ಬದುವಿನ ಮೇಲೆ ಕೂತುಕೊಳ್ಳಿ. ಅಂಚಿನ ಸಾಲಿನ ಒಂದು ಹೂ ಆರಿಸಿ, ಬದುವಿನ ಉದ್ದಕ್ಕೂ ನೋಡಿ. ಹಿಂದೆ ಖಾಲಿ ಜಾಗ, ಅದರಾಚೆ ಪಕ್ಕದ ಹೊಲದ ಹಸಿರೋ ಹಳದಿಯೋ ಇರುತ್ತೆ. ಈಗ ಎಫ್/8 ಇಟ್ಟರೂ ಹಿನ್ನೆಲೆ ಕರಗುತ್ತೆ, ಹೂವೂ ಉಳಿಯುತ್ತೆ. ಕ್ಯಾಮೆರಾ ಹೂವಿನ ಮುಖಕ್ಕೆ ನೇರವಾಗಿರಲಿ. ಗಾಳಿ ಏಳುವ ಮುಂಚೆ, ಬೆಳಗಿನ ಹೊತ್ತಲ್ಲೇ ಬನ್ನಿ. ಬಲಿತ ಸೂರ್ಯಕಾಂತಿ ಪೂರ್ವಕ್ಕೇ ಮುಖ ಮಾಡಿರುತ್ತೆ, ಬಿಸಿಲು ಅದರ ಮೇಲೇ ಬೀಳುತ್ತೆ. ಇದ್ಯಾವುದಕ್ಕೂ ಒಂದು ಗಿಡವನ್ನೂ ತುಳಿಯಬೇಕಾಗಿಲ್ಲ.

ಇನ್ನು ಬೇಸಾಯದ ಲೆಕ್ಕ. ಚೆಂಡುಹೂವನ್ನು ಒಂದೇ ಗಿಡದಿಂದ ಹಲವು ಸಲ ಬಿಡಿಸ್ತಾರೆ. ಗಿಡ ಮುರಿದರೆ ಮುಂದಿನ ಕೊಯ್ಲುಗಳೂ ಹೋದವು. ಹೊಲದ ಸೂರ್ಯಕಾಂತಿಗಂತೂ ಗಿಡಕ್ಕೆ ಸಾಮಾನ್ಯವಾಗಿ ಒಂದೇ ಹೂ. ನಿಮ್ಮ ಮೊಣಕೈ ತಗುಲಿ ಅದು ಮುರಿದರೆ ಆ ಗಿಡದ ಕಥೆ ಮುಗೀತು. ಈ ಹೂವು ಕಿಲೋ ಲೆಕ್ಕದಲ್ಲಿ ಮಾರೋ ಬೆಳೆ ಸ್ವಾಮಿ, ಡೆಕೋರೇಷನ್ ಅಲ್ಲ.

ಕೆಲವು ರೈತರು ಫೋಟೋಗೆ ದುಡ್ಡು ಕೇಳಿದರೆ 'ಹಳ್ಳಿಯವರೂ ಕಮರ್ಷಿಯಲ್ ಆಗ್ಬಿಟ್ರು' ಅಂತ ಗೊಣಗ್ತೀರಿ. ಮಾಲ್‌ನಲ್ಲಿ ಪಾರ್ಕಿಂಗ್‌ಗೆ ಕೊಡೋವಾಗ ಈ ಮಾತು ಬರಲ್ಲ. ಬಿತ್ತನೆ, ಕಳೆ, ಗೊಬ್ಬರದ ಖರ್ಚು ಅವರದು, ಲೈಕು ಮಾತ್ರ ನಿಮ್ಮದು. ಕೇಳಲೇಬೇಕಲ್ವಾ?

ಮುಂದಿನ ವೀಕೆಂಡ್ ಧಾರಾಳವಾಗಿ ಬನ್ನಿ. ಹೊಲದವರನ್ನು ಒಂದು ಮಾತು ಕೇಳಿ, ಕೇಳಿದಷ್ಟು ಕೊಡಿ, ಬದುವಿನ ಮೇಲೆ ಕೂತು ತೆಗೀರಿ. ಫೋಟೋ ಚೆನ್ನಾಗಿ ಬರದಿದ್ದರೆ ನನ್ನನ್ನು ಬೈರಿ, ಅವರ ಗಿಡ ಮಾತ್ರ ತುಳೀಬೇಡಿ.