ಹಿಮದ ನಾಡಿನಲ್ಲಿ ಏಕಾಕಿ

ಪ್ರವಾಸ ಹೊರಟವರು ಒಬ್ಬರೇ ಎಂದು ತಿಳಿದೊಡನೆ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ: “ಜೊತೆಗೆ ಯಾರೂ ಇಲ್ಲವೇ?” ಇದನ್ನು ನಕ್ಕು ತಳ್ಳಿಹಾಕಬೇಕಾಗಿಲ್ಲ. ಅದರಲ್ಲಿ ವಾತ್ಸಲ್ಯವೂ ಇದೆ, ವಿವೇಕವೂ ಇದೆ. ಚಳಿಗಾಲದಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರಕ್ಕೆ ಒಂಟಿಯಾಗಿ ಹೋದವರಿಗೆ ಎರಡೂ ಮನವರಿಕೆಯಾಗುತ್ತವೆ.

ಇನ್ ನದಿಯ ದಡದ ಈ ಊರಿಗೆ ಆಲ್ಪ್ಸ್ ಪರ್ವತವೇ ಹಿತ್ತಿಲು. ಪೇಟೆಯ ಮಗ್ಗುಲಲ್ಲಿ ಬೆಟ್ಟದ ರೈಲು ಹತ್ತಿ, ಮೇಲೆ ತೂಗುಬಂಡಿಗೆ ಬದಲಾಯಿಸಿದರೆ, ಸುಮಾರು 2,250 ಮೀಟರ್ ಎತ್ತರದ ಹಾಫೆಲೆಕಾರ್ ನಿಲ್ದಾಣ. ಬೆಳಿಗ್ಗೆ ಹಿಮದ ಮೇಲೆ ಜಾರಿ, ಮಧ್ಯಾಹ್ನ ಹಳೆಯ ಬೀದಿಗಳಲ್ಲಿ ಅಲೆಯಬಹುದು.

ಅಲೆದಾಟಕ್ಕೆ ಏಕಾಂತವೇ ಸೊಗಸು. ಹೋಫ್‌ಕಿರ್ಖೆ ಎಂಬ ಇಗರ್ಜಿಯಲ್ಲಿ ಚಕ್ರವರ್ತಿ ಒಂದನೆಯ ಮ್ಯಾಕ್ಸಿಮಿಲಿಯನ್ನನ ಸಮಾಧಿಯ ಸುತ್ತ 28 ಕಂಚಿನ ಪ್ರತಿಮೆಗಳು ಕಾವಲು ನಿಂತಿವೆ. ಆದರೆ ಸಮಾಧಿ ಬರಿದು! 1519ರಲ್ಲಿ ಗತಿಸಿದ ಆತನ ದೇಹವಿರುವುದು ದೂರದ ವೀನರ್ ನಾಯ್‌ಸ್ಟಾಟ್‌ನಲ್ಲಿ. ಒಂದೊಂದು ಮುಖವನ್ನೂ ನೋಡುತ್ತ ನಿಂತರೆ, “ಹಸಿವಾಯಿತು, ನಡೆಯಿರಿ” ಎಂದು ಅವಸರಪಡಿಸುವವರಿಲ್ಲ. ಮರುದಿನ ನೆರೆಯ ಹಾಲ್ ಪಟ್ಟಣಕ್ಕೆ ಹೋಗಿ, 1486ರಲ್ಲಿ ದೊಡ್ಡ ಬೆಳ್ಳಿಯ ನಾಣ್ಯ ಅಚ್ಚಾದ ಟಂಕಸಾಲೆಯ ಊರನ್ನು ನೋಡಬಹುದು. ಇಲ್ಲವೇ ಸುಮಾರು ಎರಡು ಗಂಟೆ ರೈಲಿನಲ್ಲಿ ಕುಳಿತು ಮೊಜಾರ್ಟ್ ಹುಟ್ಟಿದ ಸಾಲ್ಜ್‌ಬರ್ಗ್ ಸೇರಬಹುದು.

ಬೆಟ್ಟದ ಮೇಲಿನ ಮಾತು ಬೇರೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಹಿಮದ ಬೆಟ್ಟಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. 1964ರಲ್ಲಿ ಇಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದವರು ಜೆರೆಮಿ ಬುಜಕೋವ್‌ಸ್ಕಿ ಒಬ್ಬರೇ. ಇಳಿಜಾರಿನ ಓಟವನ್ನು ಮುಗಿಸಲು ಅವರಿಗೂ ಸಾಧ್ಯವಾಗಲಿಲ್ಲ. ಹೊಸಬರು ಮೊದಲು ಸ್ಕೀ ಶಾಲೆಯನ್ನು ಸೇರುವುದೇ ಲೇಸು. ಅಲ್ಲಿ ನೀಲಿ ಗುರುತಿನ ಹಾದಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ಹಿಂದಿನಿಂದ ಬರುವವನು ಮುಂದಿರುವವನಿಗೆ ಅಪಾಯವಾಗದಂತೆ ದಾರಿ ಆರಿಸಿಕೊಳ್ಳಬೇಕೆಂಬುದು ಸರ್ವಸಮ್ಮತ ನಿಯಮ.

ಗುರುತಿನ ಹಾದಿಯನ್ನು ಬಿಟ್ಟು ಒಂಟಿಯಾಗಿ ಹೋಗುವುದು ಮಾತ್ರ ಸಾಹಸವಲ್ಲ, ಅವಿವೇಕ. ಹಿಮಪಾತದಲ್ಲಿ ಹೂತವರು ಬದುಕುಳಿಯುವುದು ಬಹುಮಟ್ಟಿಗೆ ಜೊತೆಯವರು ಕೆಲವೇ ನಿಮಿಷಗಳಲ್ಲಿ ಅಗೆದು ತೆಗೆದರೆ. ಒಂಟಿಯಾಗಿ ಹೋದವರನ್ನು ಅಗೆಯುವವರಾರು? ಆದ್ದರಿಂದ ದಿನದಿನದ ಹಿಮಪಾತದ ಮುನ್ಸೂಚನೆಯನ್ನು ಓದಿರಿ. ಯಾವ ಹಾದಿಗೆ ಹೊರಟಿರಿ, ಎಷ್ಟು ಹೊತ್ತಿಗೆ ಮರಳುವಿರಿ ಎಂಬುದನ್ನು ವಸತಿಗೃಹದವರಿಗೆ ತಿಳಿಸಿರಿ. ಆಸ್ಟ್ರಿಯಾದ ಪರ್ವತರಕ್ಷಕರ ದೂರವಾಣಿ ಸಂಖ್ಯೆ 140, ನೆನಪಿನಲ್ಲಿರಲಿ.

ಊರಿನಲ್ಲಿ “ನಡೆಯಿರಿ” ಎನ್ನುವವರಿಲ್ಲದಿರುವುದು ಸುಖ. ಬೆಟ್ಟದಲ್ಲಿ “ಇನ್ನು ಸಾಕು, ಇಳಿಯೋಣ” ಎನ್ನುವವರಿಲ್ಲದಿರುವುದು ಅಪಾಯ. ಕಾಲು ಸೋತು ಬೆಳಕು ಇಳಿಯುವ ಹೊತ್ತಿಗೆ ಆ ಮಾತನ್ನು ತಮಗೆ ತಾವೇ ಹೇಳಿಕೊಳ್ಳಬಲ್ಲವರು ಮನೆಯವರ ಪ್ರಶ್ನೆಗೆ ಧೈರ್ಯವಾಗಿ ಉತ್ತರ ಕೊಟ್ಟು ಹೊರಡಬಹುದು.